ಸಿಕಲ್ ಸೆಲ್ ಪರೀಕ್ಷೆಯ ಪ್ರೋಬು: ಎಸ್‌ಎಸ್ ಮಾದರಿ ಎಎಸ್ ಎಂದು ಬರುವುದೇಕೆ?

ನೀವು ಕೇಳಿದ್ದು: ಸಿಕಲ್ ಸೆಲ್ ರೂಪಾಂತರಕ್ಕೆ 24 ಬೇಸಿನ (ಡಿಎನ್‌ಎ ಅಕ್ಷರದ) ಎರಡು ಟಾಕ್‌ಮ್ಯಾನ್ ಪ್ರೋಬು (ಗುರಿ ಸರಣಿಗೆ ಅಂಟಿ, ಪಿಸಿಆರ್‌ನಲ್ಲಿ ಡಿಎನ್‌ಎ ನಕಲಾಗುವಾಗ ಕತ್ತರಿಸಲ್ಪಟ್ಟು ಬೆಳಗುವ ತುಣುಕು) ಮಾಡಿಸಿದ್ದೀರಿ, ಮಾಮೂಲಿ ಎ ಜೀನಿಗೆ ಫ್ಯಾಮ್ ಬಣ್ಣ, ಸಿಕಲ್‌ನ ಎಸ್‌ಗೆ ವಿಕ್ ಬಣ್ಣ. ಎಚ್‌ಪಿಎಲ್‌ಸಿಯಲ್ಲಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಪರೀಕ್ಷೆ) ಎಸ್‌ಎಸ್ (ಎರಡೂ ಪ್ರತಿ ಎಸ್) ಎಂದು ಖಚಿತವಾದ ಮಾದರಿಗಳಲ್ಲೂ ಫ್ಯಾಮ್ ಏರಿ, ಎಎಸ್ (ಒಂದು ಎ, ಒಂದು ಎಸ್, ಅಂದರೆ ವಾಹಕ) ಎಂದು ಬರುತ್ತಿದೆ. ಪ್ರೋಬು ಬದಲಿಸಬೇಕೇ?

ಮೊದಲು ಪ್ರೈಮರ್ (ಯಾವ ತುಣುಕು ನಕಲಾಗಬೇಕೆಂದು ಗುರುತಿಸುವ ಪುಟ್ಟ ಡಿಎನ್‌ಎ) ನೋಡಿ. ಬೀಟಾ ಗ್ಲೋಬಿನ್ ಜೀನಿನ ಪಕ್ಕದಲ್ಲೇ ಡೆಲ್ಟಾ ಗ್ಲೋಬಿನ್ ಜೀನಿದೆ. ಸಿಕಲ್ ಬದಲಾವಣೆ ಇರುವ ಜಾಗದ ಸುತ್ತ, ಸಿಟಿಜಿ-ಎಸಿಟಿ-ಸಿಸಿಟಿ-ಜಿಎಜಿ-ಜಿಎಜಿ-ಎಎಜಿ ಎಂಬ 18 ಬೇಸು, ಎರಡರಲ್ಲೂ ಅಕ್ಷರಶಃ ಒಂದೇ. ಪ್ರೈಮರ್ ಡೆಲ್ಟಾವನ್ನೂ ಹಿಗ್ಗಿಸಿದರೆ ನಿಮ್ಮ ಎ ಪ್ರೋಬು ಅದಕ್ಕೆ ನಿಷ್ಠೆಯಿಂದ ಕೂರುತ್ತದೆ. ಪ್ರೋಬಿನದು ತಪ್ಪೇ ಅಲ್ಲ. ಆಗ ಎಸ್‌ಎಸ್ ವ್ಯಕ್ತಿಯಲ್ಲಿ 2 ಎಸ್ ಪ್ರತಿಗೆ 2 ಹುಸಿ ಎ ಪ್ರತಿ ಸೇರಿ ಥೇಟ್ ಎಎಸ್‌ನಂತೆ ಕಾಣುತ್ತದೆ. ನಿಜವಾದ ಎಎಸ್‌ನಲ್ಲಿ ಅನುಪಾತ 3ಕ್ಕೆ 1 ಆಗಿ ಗುಂಪು ಎ ಕಡೆ ವಾಲುತ್ತದೆ. ಗ್ರಾಫಿನಲ್ಲಿ ಮೂರು ಗುಂಪು (ಎಎ, ಎಎಸ್, ಎಸ್‌ಎಸ್) ಬಿಡಿಬಿಡಿಯಾಗಿಯೇ ಇದ್ದು, ಎಲ್ಲವೂ ಎ ದಿಕ್ಕಿಗೆ ಸರಿದಿದ್ದರೆ ಡೆಲ್ಟಾ ಎಂದೇ ಶಂಕಿಸಿ. ಇನ್ನೊಂದು ಗುರುತು: ಅನೀಲಿಂಗ್ (ಪ್ರೈಮರ್, ಪ್ರೋಬು ಅಂಟುವ ಹಂತದ) ತಾಪಮಾನವನ್ನು 60ರಿಂದ 63 ಡಿಗ್ರಿಗೆ ಏರಿಸಿ. ಎ ಪ್ರೋಬು ಎಸ್ ಸರಣಿಗೆ ತಪ್ಪಾಗಿ ಅಂಟುತ್ತಿದ್ದರೆ ಹುಸಿ ಫ್ಯಾಮ್ ಬೇಗ ಕುಗ್ಗುತ್ತದೆ. ಡೆಲ್ಟಾದ್ದು ಪೂರ್ತಿ ಹೊಂದುವ ಜೋಡಿ, ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಖಾತ್ರಿ ಬೇಕೆಂದರೆ ಆ ಪಿಸಿಆರ್ ತುಣುಕನ್ನೇ ಸ್ಯಾಂಗರ್ ಸೀಕ್ವೆನ್ಸಿಂಗ್‌ಗೆ (ಬೇಸುಗಳನ್ನು ಒಂದೊಂದಾಗಿ ಓದುವ ವಿಧಾನ) ಕಳಿಸಿ.

ಪರಿಹಾರ ಆ 18 ಬೇಸಿನ ಮುಂದೆಯೇ ಇದೆ. ಬೀಟಾದಲ್ಲಿ ಟಿಸಿಟಿ-ಜಿಸಿಸಿ-ಜಿಟಿಟಿ-ಎಸಿಟಿ, ಡೆಲ್ಟಾದಲ್ಲಿ ಎಸಿಟಿ-ಜಿಸಿಟಿ-ಜಿಟಿಸಿ-ಎಎಟಿ. ರಿವರ್ಸ್ ಪ್ರೈಮರನ್ನು ಸಿಸಿಎ-ಸಿಎಜಿ-ಜಿಜಿಸಿ-ಎಜಿಟಿ-ಎಎಸಿ-ಜಿಜಿಸಿ-ಎಜಿಎ ಎಂದು ಮಾಡಿದರೆ ಅದರ 3' ತುದಿಯ ಕೊನೆಯ ಬೇಸೇ ಡೆಲ್ಟಾಗೆ ಹೊಂದುವುದಿಲ್ಲ, ಒಳಗೂ ಹಲವು ಕಡೆ ತಪ್ಪುತ್ತದೆ. ಫಾರ್ವರ್ಡ್ ಪ್ರೈಮರಿಗೆ ಎಸಿಎ-ಟಿಟಿಟಿ-ಜಿಸಿಟಿ-ಟಿಸಿಟಿ-ಜಿಎಸಿ-ಎಸಿಎ-ಎಸಿಟಿ-ಜಿಟಿಜಿ ಸಾಕು. ಅಲ್ಲಿ ಡೆಲ್ಟಾ ತುಂಬಾ ಹೋಲುವುದರಿಂದ ಎರಡನ್ನೂ ಬೇರ್ಪಡಿಸುವ ಹೊಣೆ ರಿವರ್ಸ್ ಪ್ರೈಮರಿನದೇ. ತುಣುಕು 98 ಬೇಸ್‌ಪೇರ್ ಆಗುತ್ತದೆ, ಟಾಕ್‌ಮ್ಯಾನ್‌ಗೆ ಹೇಳಿ ಮಾಡಿಸಿದ ಉದ್ದ.

ಈಗ ಪ್ರೋಬು. 24 ಬೇಸು ಇಲ್ಲಿ ಹೆಚ್ಚಾಯಿತು, ಅದಕ್ಕೆ ಎರಡು ಕಾರಣ. ಒಂದು, ಎರಡನೇ ಕೋಡಾನಿನ (ಮೂರು ಬೇಸಿನ ಗುಂಪು) ಕೊನೆಯ ಬೇಸು (ಸಿಎಸಿ ಅಥವಾ ಸಿಎಟಿ) ಜನರಲ್ಲಿ ಸಾಮಾನ್ಯವಾಗಿ ಬದಲಾಗುತ್ತದೆ. ಪ್ರೋಬು ಅದರ ಮೇಲೆ ಹಾದುಹೋದರೆ ಒಂದೇ ಜಿನೋಟೈಪ್ ಎರಡು ಗುಂಪಾಗಿ ಒಡೆಯಬಹುದು. ಎರಡು, ಸಿಟಿಸಿಸಿ-ಟಿಜಿಎ-ಜಿಜಿಎಜಿ ತನ್ನ ಮೇಲೆ ತಾನೇ ಮಡಚಿಕೊಳ್ಳುವ ಸರಣಿ: 4 ಜೋಡಿಯ ಕಾಂಡ, 3 ಬೇಸಿನ ಕುಣಿಕೆ, ಕಾಂಡದಲ್ಲಿ ಹೆಚ್ಚಿನವು ಜಿ-ಸಿ. ಎರಡು ಎ ಪ್ರೋಬುಗಳು ಪರಸ್ಪರ ಅಂಟಿಕೊಂಡರೆ ನಡುವಿನ ಒಂದು ಜಿ ಬಿಟ್ಟು ಆ 11 ಬೇಸೂ ಜೋಡಿಯಾಗುತ್ತವೆ. ಇದು ರೂಪಾಂತರದ ಜಾಗವೇ ಆದ್ದರಿಂದ ಪೂರ್ತಿ ತಪ್ಪಿಸಿಕೊಳ್ಳಲಾಗದು, ಒಂದು ತೋಳನ್ನು ಮೊಟಕು ಮಾಡಬಹುದಷ್ಟೆ.

ನಾನಾದರೆ ಎದುರು ಎಳೆಯ 13 ಬೇಸಿನ ಎಂಜಿಬಿ (ಹಿಡಿತ ಬಿಗಿಯಾಗಿಸುವ ಅಣು ಜೋಡಿಸಿದ) ಪ್ರೋಬು ಆರಿಸುತ್ತೇನೆ: ಎ ಜೀನಿಗೆ ಸಿಟಿಟಿ-ಸಿಟಿಸಿ-ಸಿಟಿಸಿ-ಎಜಿಜಿ-ಎ, ಎಸ್‌ಗೆ ಸಿಟಿಟಿ-ಸಿಟಿಸಿ-ಸಿಎಸಿ-ಎಜಿಜಿ-ಎ. ಇಷ್ಟು ಗಿಡ್ಡ ಪ್ರೋಬು 60 ಡಿಗ್ರಿಯಲ್ಲಿ ನಿಲ್ಲುವುದು ಎಂಜಿಬಿಯಿಂದ ಮಾತ್ರ, ಸಾದಾ ಕ್ವೆಂಚರ್ (ಬಣ್ಣದ ಬೆಳಕನ್ನು ಅಡಗಿಸುವ ಅಣು) ಹಾಕಿಸಿದರೆ ನಿಲ್ಲದು. ಗಿಡ್ಡವಾದಷ್ಟೂ ಒಂದೇ ಬೇಸಿನ ತಪ್ಪಿಗೆ ಬೇಗ ಕಳಚಿಕೊಳ್ಳುತ್ತದೆ, ನಮಗೆ ಬೇಕಾದ್ದೂ ಅದೇ. ಬದಲಾಗುವ ಬೇಸು 8ನೆಯದು, ಹೆಚ್ಚುಕಡಿಮೆ ನಟ್ಟನಡುವೆ. ಈ ಎಳೆಯಲ್ಲಿ ಜಿಗಿಂತ ಸಿ ಹೆಚ್ಚು. 5' ತುದಿಯಲ್ಲಿ ಜಿ ಇಲ್ಲ (ಜಿ ಇದ್ದರೆ ಕತ್ತರಿಸಿದ ಮೇಲೂ ಫ್ಯಾಮ್‌ನ ಬೆಳಕನ್ನು ಮಂಕಾಗಿಸುತ್ತದೆ). ಪ್ರೈಮರ್ ಮುಗಿದಲ್ಲೇ ಪ್ರೋಬು ಶುರುವಾಗುತ್ತದೆ, ಒಂದರ ಮೇಲೊಂದು ಬೀಳದಿದ್ದರೆ ಸಾಕು. ಆರ್ಡರ್ ಮಾಡುವ ಮುನ್ನ ಮಡಿಕೆ ಮತ್ತು ಡೈಮರ್ (ಎರಡು ತುಣುಕು ಪರಸ್ಪರ ಅಂಟುವುದು) ಲೆಕ್ಕವನ್ನು ನಿಮ್ಮ ಬಫರಿನ ಮೆಗ್ನೀಸಿಯಂ ಪ್ರಮಾಣ ಹಾಕಿ ನೋಡಿ.

ಪ್ರೋಬಿನ ವಯಲನ್ನು ತೆರೆಯುವ ಮುನ್ನ ಒಮ್ಮೆ ಸ್ಪಿನ್ ಮಾಡಿ, ಪುಡಿ ಮುಚ್ಚಳಕ್ಕೆ ಅಂಟಿರುತ್ತದೆ. ನ್ಯಾನೋಮೋಲ್ ಸಂಖ್ಯೆಯನ್ನು 10ರಿಂದ ಗುಣಿಸಿದಷ್ಟು ಮೈಕ್ರೋಲೀಟರ್ ಟಿಇ ಬಫರ್ (ಪಿಎಚ್ 8, ಇಡಿಟಿಎ 0.1 ಮಿಲಿಮೋಲಾರ್) ಹಾಕಿದರೆ 100 ಮೈಕ್ರೋಮೋಲಾರ್ ಸ್ಟಾಕ್. ಅದರಿಂದ 10 ಮೈಕ್ರೋಮೋಲಾರ್‌ನ ಪುಟ್ಟ ಅಲಿಕ್ವಾಟ್ (ಪಾಲು) ಮಾಡಿ ಬೆಳಕು ತಾಗದಂತೆ ಫ್ರೀಜರಿನಲ್ಲಿಡಿ.

10 ಮೈಕ್ರೋಲೀಟರ್ ರಿಯಾಕ್ಷನ್‌ಗೆ 2ಎಕ್ಸ್ ಮಾಸ್ಟರ್ ಮಿಕ್ಸ್ 5, ಪ್ರೈಮರ್ ತಲಾ 0.9, ಪ್ರೋಬು ತಲಾ 0.2, ನೀರು 0.8, ಡಿಎನ್‌ಎ 2 ಮೈಕ್ರೋಲೀಟರ್ (ಒಟ್ಟು 10 ನ್ಯಾನೋಗ್ರಾಂ). ಹಾಟ್ ಸ್ಟಾರ್ಟ್ ಕಿಣ್ವಕ್ಕೆ 95 ಡಿಗ್ರಿಯಲ್ಲಿ 10 ನಿಮಿಷ, ಆಮೇಲೆ 95ರಲ್ಲಿ 15 ಸೆಕೆಂಡು, 60ರಲ್ಲಿ 1 ನಿಮಿಷ, 40 ಸಲ. ಪ್ರತಿ ಪ್ಲೇಟಿನಲ್ಲೂ ಗೊತ್ತಿರುವ ಎಎ, ಎಎಸ್, ಎಸ್‌ಎಸ್ ಮತ್ತು ಡಿಎನ್‌ಎ ಹಾಕದ ಬಾವಿ ಇರಲಿ. ಆ ಖಾಲಿ ಬಾವಿಯಲ್ಲಿ ಮೊದಲ ಸೈಕಲ್‌ನಿಂದಲೇ ಬೆಳಕು ಹೆಚ್ಚಿದ್ದರೆ ಪ್ರೋಬು ಒಡೆದಿದೆ ಎಂದರ್ಥ. ರಕ್ತವನ್ನು ಇಡಿಟಿಎ ಟ್ಯೂಬಿನಲ್ಲೇ ತರಿಸಿ, ಹೆಪಾರಿನ್ ಪಿಸಿಆರನ್ನು ತಡೆಯುತ್ತದೆ.

ಇದೆಲ್ಲ ಸರಿಹೋದ ಮೇಲೂ ಎಚ್‌ಪಿಎಲ್‌ಸಿಯಲ್ಲಿ ಹಿಮೋಗ್ಲೋಬಿನ್ ಎ ಕಾಣದೆ, ಪ್ರೋಬು ಮಾತ್ರ ಎಎಸ್ ಎಂದರೆ ಪ್ರೋಬನ್ನು ದೂರಬೇಡಿ. ಅದು ಎಸ್-ಬೀಟಾ ಥಲಸ್ಸೀಮಿಯಾ ಇರಬಹುದು. ಅದರಲ್ಲಿ ಬೀಟಾ ಜೀನಿನ ಒಂದು ಪ್ರತಿ ಎಸ್, ಎರಡನೇ ಪ್ರತಿಯಲ್ಲಿ ಸಿಕಲ್ ಜಾಗದ ಬೇಸು ಮಾಮೂಲಿಯೇ, ಕೆಟ್ಟಿರುವುದು ಬೇರೆ ಕಡೆ. ನಮ್ಮ ದೇಶದಲ್ಲಿ ಸಾಮಾನ್ಯವಾದ ಕೋಡಾನ್ 8/9ರ ಒಂದು ಜಿ ಸೇರ್ಪಡೆ ಈ ವಿನ್ಯಾಸದಲ್ಲಿ ಸರಿಯಾಗಿ ಪ್ರೈಮರಿಗೂ ಪ್ರೋಬಿಗೂ ನಡುವಿನ ಸಂದಿಯಲ್ಲಿ ಬೀಳುತ್ತದೆ, ಎರಡೂ ಎಂದಿನಂತೆ ಕೂರುತ್ತವೆ, ಸೇರ್ಪಡೆ ಕಾಣುವುದೇ ಇಲ್ಲ. ಅಂಥ ಮಾದರಿಯನ್ನು ವಾಹಕ ಎಂದು ಬರೆದು ಕಳಿಸಬೇಡಿ, ಬೀಟಾ ಜೀನನ್ನು ಪೂರ್ತಿ ಸೀಕ್ವೆನ್ಸ್ ಮಾಡಿಸಿ.