ಏಪ್ರಿಲ್ ಮೊದಲ ವಾರ ನಾಲ್ಕು ದಿನ ಕ್ಯೋಟೋದಲ್ಲಿರುತ್ತೇನೆ. ಹನ್ನೊಂದು ದೇವಾಲಯಗಳ ಪಟ್ಟಿ ಮಾಡಿಕೊಂಡಿದ್ದೇನೆ. ಸಕುರಾ (ಜಪಾನಿನ ಚೆರ್ರಿ) ಹೂವಿನ ಜೊತೆ ಒಳ್ಳೆಯ ಫೋಟೋ ಸಿಗಬೇಕೆಂದರೆ ಏನು ಮಾಡಬೇಕು? ಟ್ರೈಪಾಡ್ ಒಯ್ಯಲೇ?

ಹನ್ನೊಂದರಲ್ಲಿ ಐದನ್ನು ಈಗಲೇ ಹೊಡೆದುಹಾಕಿ. ನಾನು ಮೊದಲ ಸಲ ಹೋದಾಗ ಒಂದೇ ದಿನದಲ್ಲಿ ಆರು ದೇವಾಲಯ ಸುತ್ತಿದ್ದೆ. ಮನೆಗೆ ಬಂದು ನೋಡಿದರೆ ಎಲ್ಲ ಚಿತ್ರವೂ ಒಂದೇ: ಬೂದು ಆಕಾಶ, ಅದರ ಮುಂದೆ ಬೂದು ಹೂವು. ಯಾವುದು ಎಲ್ಲಿಯದು ಎಂದು ನನಗೇ ಗುರುತು ಸಿಗಲಿಲ್ಲ, ಬಹಳ ಬೇಜಾರಾಯಿತು. ಎರಡನೇ ಸಲ ದಿನಕ್ಕೆ ಎರಡೇ ಜಾಗ ಇಟ್ಟುಕೊಂಡೆ. ಈಗ ನಮ್ಮ ಮನೆ ಗೋಡೆಯ ಮೇಲಿರುವ ಚಿತ್ರಗಳೆಲ್ಲ ಆ ಸಲದವು.

ಬರೀ ಹೂವು ಬೇಕಿದ್ದರೆ ಜಪಾನಿನ ಯಾವ ಊರಿನ ಹೊಳೆದಂಡೆಯಲ್ಲೂ ಸಿಗುತ್ತದೆ. ಕ್ಯೋಟೋದಲ್ಲಿ ನೋಡಬೇಕಾದದ್ದು ಅಲ್ಲಿನ ತೋಟ ಕಟ್ಟಿದವರು ಹೂವನ್ನು ಎಷ್ಟು ತೋರಿಸಿದ್ದಾರೆ, ಎಷ್ಟು ಮರೆಮಾಡಿದ್ದಾರೆ ಎಂಬುದನ್ನು. ನನಗೆ ಇದು ಹೊಳೆದದ್ದು ಅಲ್ಲಿನ ಒಂದು ದೇವಾಲಯದಲ್ಲಿ, ರ‍್ಯೋಆನ್‌ಜಿಯಲ್ಲಿ. ಸುಮಾರು 25 ಮೀಟರ್ ಉದ್ದ, 10 ಮೀಟರ್ ಅಗಲದ ಅಂಗಳ, ಗೆರೆ ಎಳೆದ ಬಿಳಿ ಜಲ್ಲಿ, 15 ಕಲ್ಲು. ಜಗಲಿಯ ಮೇಲೆ ಎಲ್ಲೇ ಕೂತರೂ ಒಂದು ಕಲ್ಲಾದರೂ ಕಣ್ಣಿಗೆ ಮರೆಯಾಗಿರುತ್ತದೆ. ಕಲ್ಲಿನ ಬುಡದ ಪಾಚಿ ಬಿಟ್ಟರೆ ಒಳಗೆ ಹಸಿರೆಂಬುದೇ ಇಲ್ಲ. ಸುತ್ತ ಎಣ್ಣೆ ಸೇರಿಸಿ ಕಟ್ಟಿದ ಮಣ್ಣಿನ ಗೋಡೆ. ಎಣ್ಣೆ ಒಸರಿ ಒಸರಿ ಅದರ ಮೇಲೆ ಕಂದು ಕಲೆಗಳಾಗಿವೆ. ಆ ಗೋಡೆಯ ಆಚೆ ನಿಂತ ಒಂದು ಸಕುರಾ ಮರ ತನ್ನ ಇಳಿಬಿದ್ದ ರೆಂಬೆಗಳನ್ನು ಇತ್ತ ಚಾಚುತ್ತದೆ. ಅಷ್ಟೇ ಹೂವು. ಆ ಗೋಡೆಯಿಂದಾಗಿ ಅದು ಎಷ್ಟು ತುಂಬಿಕೊಂಡು ಕಾಣುತ್ತದೆ ಎಂಬುದನ್ನು ಅಲ್ಲಿ ಕೂತೇ ನೋಡಬೇಕು. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆಯುತ್ತದೆ, ಅಷ್ಟು ಹೊತ್ತಿಗೆ ಅಲ್ಲಿರಿ. ಮುಕ್ಕಾಲು ಗಂಟೆ ಕೂತು ನಾನು ತೆಗೆದದ್ದು ಒಂಬತ್ತು ಚಿತ್ರ. ಮೊದಲ ಹತ್ತು ನಿಮಿಷ ಕ್ಯಾಮೆರಾ ಚೀಲದಲ್ಲೇ ಇತ್ತು, ನೀವೂ ಹಾಗೇ ಮಾಡಿ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ನಿನ್ನಾಜಿ ದೇವಾಲಯ ಇದೆ. ಅಲ್ಲಿನ ಒಮುರೋ ಸಕುರಾ ಕುಳ್ಳ ಮರ, ಬುಡದಿಂದಲೇ ಕವಲೊಡೆಯುತ್ತದೆ. ಹೂವು ನಿಮ್ಮ ಮುಖದ ಎತ್ತರಕ್ಕೇ ಇರುತ್ತದೆ, ಹಿಂದೆ ಐದಂತಸ್ತಿನ ಪಗೋಡಾ. ಇದು ಕ್ಯೋಟೋದಲ್ಲಿ ತಡವಾಗಿ ಅರಳುವ ಜಾತಿ, ಆದ್ದರಿಂದ ನಿಮ್ಮ ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ಹೇಯಾನ್ ಜಿಂಗು ಎಂಬ ಶಿಂಟೋ ಗುಡಿಯ ತೋಟದ ಗುಲಾಬಿ ಬಣ್ಣದ ಇಳಿಬಿದ್ದ ಸಕುರಾ ಕೂಡ ಸಾಮಾನ್ಯ ಸಕುರಾಕ್ಕಿಂತ ತುಸು ತಡ. ಅಲ್ಲಿ ಕೊಳ ದಾಟಲು ಇಟ್ಟಿರುವ ದುಂಡು ಕಲ್ಲುಗಳು ಹಿಂದೆ ಸಾಂಜೋ, ಗೋಜೋ ಸೇತುವೆಗಳಿಗೆ ಕಂಬವಾಗಿದ್ದವು. ಅವುಗಳ ಸುತ್ತ ಎಸಳು ಸೇರಿಕೊಂಡಾಗ ಆಕಾಶ ಬಿಟ್ಟು ನೀರನ್ನಷ್ಟೇ ತೆಗೆಯಿರಿ.

ಹೂವು ಸಿಗುತ್ತದೋ ಇಲ್ಲವೋ ಎಂಬ ಚಿಂತೆ ನಿಮಗಿದ್ದೇ ಇರುತ್ತದೆ. ಎಲ್ಲೆಡೆ ಕಾಣುವ ಸೋಮೇಯ್ ಯೋಶಿನೋ ಜಾತಿಯ ಸಕುರಾ ಮರಗಳೆಲ್ಲ ಕಸಿ ಕಟ್ಟಿ ಬೆಳೆಸಿದವು, ಒಂದೇ ಮರದ ನಕಲುಗಳಿದ್ದಂತೆ. ಹಾಗಾಗಿ ಒಂದು ಊರಿನವು ಒಟ್ಟಿಗೇ ಅರಳಿ ಒಟ್ಟಿಗೇ ಉದುರುತ್ತವೆ. ಗುರುತಿಟ್ಟ ಮರದಲ್ಲಿ ಐದಾರು ಹೂ ಬಿಟ್ಟರೆ ಹವಾಮಾನ ಇಲಾಖೆ 'ಅರಳಿತು' ಎನ್ನುತ್ತದೆ, ನೂರಕ್ಕೆ 80ರಷ್ಟು ಮೊಗ್ಗು ಬಿರಿದರೆ ಅದು 'ಮಂಕಾಯ್', ಪೂರ್ಣ ಅರಳು. ಆಮೇಲೆ ಒಂದು ಜೋರು ಮಳೆ ಸಾಕು. ಕ್ಯೋಟೋದ ಹೂವಿನ ದಿನಗಳ ದಾಖಲೆ 9ನೇ ಶತಮಾನದಿಂದ ಸಿಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಪೂರ್ಣ ಅರಳಿತು, ಅಲ್ಲಿಯವರೆಗಿನ ಅಷ್ಟೂ ವರ್ಷಗಳಲ್ಲಿ ಅದೇ ಅತಿ ಬೇಗ. ಅಂದರೆ ನಮ್ಮಲ್ಲಿ ಯುಗಾದಿಗೆ ಬೇವು ಹೂ ಬಿಡುವ ಹೊತ್ತಿಗೆ ಅಲ್ಲಿ ಕೆಲವು ವರ್ಷ ಉದುರಲು ಶುರುವಾಗಿರುತ್ತದೆ.

ನೀವು ಹೋದಾಗ ಉದುರುತ್ತಿದ್ದರೆ ನನ್ನ ಪ್ರಕಾರ ನೀವು ಅದೃಷ್ಟವಂತರು. ಗಾಳಿಗೆ ಎಸಳು ಹಾರುವುದಕ್ಕೆ ಅವರು 'ಹನಾಫುಬುಕಿ' ಎನ್ನುತ್ತಾರೆ, ಹೂವಿನ ಹಿಮಗಾಳಿ. ನೀರಿನ ಮೇಲೆ ಎಸಳು ಕೂಡಿ ತೇಲಿದರೆ 'ಹನಾಇಕಾದಾ', ಹೂವಿನ ತೆಪ್ಪ. ಇದನ್ನು ನೋಡಲು ಫಿಲಾಸಫರ್ಸ್ ಪಾತ್‌ಗೆ ಹೋಗಿ. ಗಿಂಕಾಕುಜಿ ಬಳಿಯಿಂದ ನಾನ್‌ಜೆನ್‌ಜಿ ಕಡೆಗೆ ಸುಮಾರು 2 ಕಿಲೋಮೀಟರಿನ ಕಾಲುದಾರಿ, ಪಕ್ಕದಲ್ಲೇ ಸಣ್ಣ ಕಾಲುವೆ. ಗೇಟಿಲ್ಲ, ಟಿಕೆಟ್ಟಿಲ್ಲ. ಏಪ್ರಿಲ್ ಆರಂಭದಲ್ಲಿ 5:40ರ ಸುಮಾರಿಗೆ ಸೂರ್ಯ ಹುಟ್ಟುತ್ತಾನೆ, ಅಷ್ಟು ಹೊತ್ತಿಗೆ ತಲುಪಿದರೆ ನಾಯಿ ಕರೆದುಕೊಂಡು ಬಂದ ಅಜ್ಜಂದಿರು ಬಿಟ್ಟರೆ ಹೆಚ್ಚು ಜನ ಇರುವುದಿಲ್ಲ. ಒಂಬತ್ತರ ನಂತರ ಅಲ್ಲಿ ಕಾಲಿಡಲು ಜಾಗವಿಲ್ಲ.

ಇನ್ನು ಕ್ಯಾಮೆರಾ. ಬಿಳಿ ಹೂ ತುಂಬಿದ ಚೌಕಟ್ಟನ್ನು ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಬೂದು ಎಂದುಕೊಂಡು ಕತ್ತಲು ಮಾಡುತ್ತದೆ. ನನ್ನ ಮೊದಲ ಸಲದ ಬೂದು ಚಿತ್ರಗಳಿಗೆ ಅರ್ಧ ಕಾರಣ ಇದು. ಎಕ್ಸ್‌ಪೋಷರ್ ಕಾಂಪನ್ಸೇಶನ್ (ಚಿತ್ರದ ಬೆಳಕು ಹೆಚ್ಚು ಕಡಿಮೆ ಮಾಡುವ ಆಯ್ಕೆ) +0.7 ಅಥವಾ +1ಕ್ಕೆ ಏರಿಸಿ, ಮೊಬೈಲ್ ಆದರೆ ಹೂವಿನ ಮೇಲೆ ಒತ್ತಿ ಬೆಳಕನ್ನು ಮೇಲಕ್ಕೆ ಎಳೆಯಿರಿ. ಉಳಿದರ್ಧ ಕಾರಣ ಹಿನ್ನೆಲೆ. ಈ ಕಾಲದಲ್ಲಿ ಮೋಡ ಸಾಮಾನ್ಯ, ಅದಕ್ಕೂ ಅವರಲ್ಲಿ 'ಹನಾಗುಮೊರಿ' ಎಂಬ ಹೆಸರಿದೆ. ಮೋಡವಿದ್ದ ದಿನ ಆಕಾಶವನ್ನು ಪೂರ್ತಿ ಹೊರಗಿಟ್ಟು ಹೂವಿನ ಹಿಂದೆ ಕಪ್ಪು ಹಂಚಿನ ಮಾಡು, ಹಳೆಯ ಮರದ ಗೋಡೆ, ಸೀಡರ್ ಮರಗಳ ನೆರಳು ಬರುವಂತೆ ನಿಲ್ಲಿ. ಬಿಸಿಲಿದ್ದರೆ ಸೂರ್ಯನಿಗೆ ಎದುರಾಗಿ ನಿಂತು ನೋಡಿ, ಎಸಳಿನೊಳಗಿಂದ ಬೆಳಕು ಹಾಯುತ್ತದೆ. 85ರಿಂದ 135 ಮಿಲಿಮೀಟರ್ ನಡುವಿನ ಒಂದು ಲೆನ್ಸ್ ಸಾಕು.

ಟ್ರೈಪಾಡ್ ಬೇಡ, ಬಹಳಷ್ಟು ದೇವಾಲಯಗಳಲ್ಲಿ ನಿಷೇಧ. ಎಷ್ಟೋ ಕಡೆ ಗರ್ಭಗುಡಿಯೊಳಗೆ, ಬುದ್ಧನ ಮೂರ್ತಿಯ ಮುಂದೆ ಫೋಟೋಗೂ ಅನುಮತಿ ಇಲ್ಲ. ಅದನ್ನು ನಮ್ಮ ಗರ್ಭಗುಡಿಯಷ್ಟೇ ಗೌರವದಿಂದ ಪಾಲಿಸಿ. ಗಿಯೋನ್‌ನ ಖಾಸಗಿ ಓಣಿಗಳಿಗೆ ಹೋಗಬೇಡಿ. ಮೈಕೋಗಳ (ಗೀಶಾ ಆಗಲು ಕಲಿಯುತ್ತಿರುವ ಹುಡುಗಿಯರ) ಬೆನ್ನು ಹತ್ತಿ ಫೋಟೋ ತೆಗೆಯುವವರ ಕಾಟ ಹೆಚ್ಚಾಗಿ ಅಲ್ಲಿ 10,000 ಯೆನ್ ದಂಡದ ಫಲಕ ಹಾಕಿದ್ದಾರೆ. ಮತ್ತು ದಯವಿಟ್ಟು ಎಸಳು ಉದುರಲೆಂದು ರೆಂಬೆ ಅಲ್ಲಾಡಿಸಬೇಡಿ. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ, ಸಂಕಟವಾಗುತ್ತದೆ.

ನಡುಮಧ್ಯಾಹ್ನ ಎಲ್ಲ ಕಡೆ ಜನ ಕಿಕ್ಕಿರಿದಾಗ ತೋಫುಕುಜಿಗೆ ಹೋಗಿ. ಕ್ಯೋಟೋ ಸ್ಟೇಷನ್ನಿನಿಂದ ಜೆಆರ್ ನಾರಾ ಲೈನಿನಲ್ಲಿ ಒಂದೇ ನಿಲ್ದಾಣ. ಅಲ್ಲಿ ಸಕುರಾಗಳೇ ಇಲ್ಲವೆನ್ನಬಹುದು. ಹೂ ನೋಡಲು ಜನ ನೆರೆದು ಮಠ ಮೋಜಿನ ಜಾಗವಾದೀತೆಂದು ಮಿಂಚೋ ಎಂಬ ಚಿತ್ರಕಾರ ಸನ್ಯಾಸಿ ಆಗ ದೇಶವಾಳುತ್ತಿದ್ದ ಶೋಗುನ್‌ನನ್ನು ಕೇಳಿ ಮರಗಳನ್ನು ಕಡಿಸಿದನೆಂದು ಪ್ರತೀತಿ. ಈಗ ಅಲ್ಲಿ 1939ರಲ್ಲಿ ತೋಟ ವಿನ್ಯಾಸಕಾರ ಮಿರೇಯ್ ಶಿಗೆಮೋರಿ ಮಾಡಿದ ತೋಟವಿದೆ: ಚೌಕ ಕಲ್ಲು, ಚೌಕ ಪಾಚಿ, ಚದುರಂಗದ ಹಾಸಿನಂತೆ ಶುರುವಾಗಿ ಹೋಗ್ತಾ ಹೋಗ್ತಾ ಚದುರಿ ಪಾಚಿಯಲ್ಲೇ ಕರಗುತ್ತದೆ. ನಾನು ಹೋದ ಏಪ್ರಿಲ್ ಮಧ್ಯಾಹ್ನ ಆ ಜಗಲಿಯ ಮೇಲೆ ನಾಲ್ಕೇ ಜನ ಇದ್ದೆವು.