ಬಟವಾಡೆ ನಿಂತ ದಿನ

ಬೇರೆ ದೇಶಕ್ಕೆ ಸೇನೆ ಕಳಿಸಿ ಕೈಸುಟ್ಟುಕೊಂಡವರ ಬಗ್ಗೆ ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಅಫ್ಘಾನಿಸ್ತಾನದ ಮೂರು ಲಕ್ಷದ ಪಡೆ 2021ರಲ್ಲಿ ಕೆಲವೇ ವಾರಗಳಲ್ಲಿ ಕರಗಿಹೋಯಿತಲ್ಲ, ಹೋರಾಡುವ ಮನಸ್ಸೇ ಇರಲಿಲ್ಲವೇ?

ಉತ್ತರ: ಮನಸ್ಸಿನ ಮಾತು ಆಮೇಲೆ, ಮೊದಲು ಹಾಜರಿ ಪುಸ್ತಕ ನೋಡಿ. ಪೊಲೀಸರೂ ಸೇರಿ ಮೂರು ಲಕ್ಷ ಎಂಬುದು ಕಾಗದದ ಲೆಕ್ಕ. ಸತ್ತವರ, ಬಿಟ್ಟುಹೋದವರ, ಇಲ್ಲವೇ ಇಲ್ಲದವರ ಹೆಸರಿನಲ್ಲೂ ಮೇಲಿನವರು ಸಂಬಳ ಎತ್ತುತ್ತಿದ್ದರು. ಠಾಣೆಯಲ್ಲಿ ನಿಜವಾಗಿ ಬಂದೂಕು ಹಿಡಿದಿದ್ದವರಲ್ಲಿ ಎಷ್ಟೋ ಮಂದಿಗೆ ತಿಂಗಳುಗಟ್ಟಲೆ ಬಟವಾಡೆಯೇ ಇಲ್ಲ. ಸರ್ಕಾರದ ಖರ್ಚಿನ ಸುಮಾರು ಮುಕ್ಕಾಲು ಪಾಲು ವಿದೇಶಿ ನೆರವಿನಿಂದ ನಡೆಯುತ್ತಿತ್ತು ಎಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು.

ಎರಡನೆಯ ಎಡವಟ್ಟು ಹೆಲಿಕಾಪ್ಟರಿನದು. ಚದುರಿದ ಸಣ್ಣ ಠಾಣೆಗಳಿಗೆ ಮದ್ದುಗುಂಡು, ದಿನಸಿ ಮುಟ್ಟಿಸುವುದಕ್ಕೂ ಗಾಯಾಳುಗಳನ್ನು ಹೊತ್ತು ತರುವುದಕ್ಕೂ ಅದೇ ಗತಿ. ಅಫ್ಘನ್ ಮೆಕ್ಯಾನಿಕ್‌ಗಳಿಗೆ ಪಳಗಿದ್ದು ರಷ್ಯಾದ ಎಂಐ-17. ಅದನ್ನು ಹಿಂದೆ ಸರಿಸಿ ಅಮೆರಿಕದ ಬ್ಲ್ಯಾಕ್ ಹಾಕ್ ಕೊಟ್ಟರು. ಇದರ ರಿಪೇರಿ ವಿದೇಶಿ ಗುತ್ತಿಗೆದಾರರ ಕೈಯಲ್ಲಿ. ಅಮೆರಿಕ ತಾಲಿಬಾನ್ ಜೊತೆ ಮಾಡಿಕೊಂಡ 2020ರ ಫೆಬ್ರವರಿ 29ರ ದೋಹಾ ಒಪ್ಪಂದದಲ್ಲಿ ಸೈನಿಕರ ಜೊತೆ ಈ ಗುತ್ತಿಗೆದಾರರೂ ಹೊರಡಬೇಕು ಎಂದಿತ್ತು. ಅವರು ಹೋದರು, ಹೆಲಿಕಾಪ್ಟರುಗಳು ಒಂದೊಂದಾಗಿ ನೆಲ ಹಿಡಿದವು. ಗುಂಡು ತೀರಿದ, ಅನ್ನವಿಲ್ಲದ ಠಾಣೆಗಳು ಊರ ಹಿರಿಯರ ಮಧ್ಯಸ್ಥಿಕೆಯಲ್ಲಿ ತಾಲಿಬಾನಿಗೆ ಶರಣಾದವು. ಆಗಸ್ಟ್ 15ಕ್ಕೆ ಕಾಬೂಲ್ ಹೋಯಿತು.

ಪ್ರಶ್ನೆ: ಹಾಗಾದರೆ ಸೋವಿಯತ್ ಸೇನೆ ಹೊರಟ ಮೇಲೂ ಅದರ ಬೆಂಬಲದ ಅಫ್ಘನ್ ನಜೀಬುಲ್ಲಾ ಸರ್ಕಾರ ಮೂರು ವರ್ಷ ನಿಂತದ್ದು ಹೇಗೆ?

ಉತ್ತರ: ಒಳ್ಳೆಯ ಪ್ರಶ್ನೆ. 1989ರ ಫೆಬ್ರವರಿ 15ರಂದು ಗಡಿನದಿ ಅಮು ದರಿಯಾದ ಸೇತುವೆ ದಾಟಿದ್ದು ಸೈನಿಕರು ಮಾತ್ರ. ಗೋಧಿ, ಇಂಧನ, ಮದ್ದುಗುಂಡು, ದುಡ್ಡು ಆಚೆಯಿಂದ ಬರುತ್ತಲೇ ಇದ್ದವು. ಹಾಗಾಗಿ ಮುಂದಿನ ತಿಂಗಳೇ ಬಂಡುಕೋರ ಮುಜಾಹಿದೀನ್‌ಗಳು ಜಲಾಲಾಬಾದಿನ ಮೇಲೆ ಬಿದ್ದಾಗ ಸರ್ಕಾರದ ಪಡೆ ಊರು ಬಿಟ್ಟುಕೊಡಲಿಲ್ಲ. ಉತ್ತರದಲ್ಲಿ ದೋಸ್ತಮ್‌ನಂಥ ಪಾಳೆಯಗಾರರು ನಿಷ್ಠರಾಗಿದ್ದದ್ದೂ ಈ ಹಣದಿಂದಲೇ. 1992ರ ಜನವರಿ 1ರಿಂದ ನೆರವು ಬಂದ್. ಕೆಲವೇ ವಾರಗಳಲ್ಲಿ ದೋಸ್ತಮ್ ಎದುರು ಪಾಳೆಯಕ್ಕೆ ಜಿಗಿದ. ಏಪ್ರಿಲ್‌ನಲ್ಲಿ ಸರ್ಕಾರ ಉರುಳಿತು.

ಪ್ರಶ್ನೆ: ಇದು ಆಗಲೇ ಗೊತ್ತಿದ್ದ ಪಾಠವಲ್ಲವೇ? 1842ರ ಕಾಬೂಲ್ ದುರಂತದಲ್ಲಿ ನಡೆದದ್ದೇನು?

ಉತ್ತರ: ಗೊತ್ತಿತ್ತು. ಬ್ರಿಟಿಷರು 1839ರಲ್ಲಿ ದೋಸ್ತ್ ಮೊಹಮ್ಮದನನ್ನು ಇಳಿಸಿ ಶಾ ಶುಜಾನನ್ನು ಗದ್ದುಗೆಗೆ ಕೂರಿಸಿದರು. ಕಾಬೂಲ್–ಜಲಾಲಾಬಾದ್ ಕಣಿವೆ ದಾರಿ ತೆರೆದಿರಲೆಂದು ಘಿಲ್ಜಾಯಿ ಬುಡಕಟ್ಟಿನ ನಾಯಕರಿಗೆ ವರ್ಷಾಶನ ಕೊಡುತ್ತಿದ್ದರು. 1841ರಲ್ಲಿ ಖರ್ಚು ಕಡಿಮೆ ಮಾಡುವ ನೆಪದಲ್ಲಿ ಕಾಬೂಲಿನ ಬ್ರಿಟಿಷ್ ಪ್ರತಿನಿಧಿ ಮ್ಯಾಕ್ನಾಟನ್ ಅದನ್ನು ಅರ್ಧಕ್ಕಿಳಿಸಿದ. ಉಳಿದದ್ದು ಚಿಲ್ಲರೆ, ಕಳೆದದ್ದು ಹಿಂದೂಸ್ಥಾನದ ದಾರಿ. ಘಿಲ್ಜಾಯಿಗಳು ಕಣಿವೆ ಕಟ್ಟಿಬಿಟ್ಟರು.

ಬ್ರಿಟಿಷರು ಕಾಬೂಲಿನಲ್ಲಿ ದಂಡು ಕಟ್ಟಿದ ಜಾಗವೂ ವಿಚಿತ್ರ. ಸುತ್ತಲಿನ ಎತ್ತರದ ಕೋಟೆಗಳಿಂದ ಗುಂಡು ಬೀಳುವ ತಗ್ಗು ಬಯಲು. ಉಗ್ರಾಣವನ್ನಂತೂ ಗೋಡೆಯ ಹೊರಗೆ, ಬೇರೊಂದು ಪುಟ್ಟ ಕೋಟೆಯಲ್ಲಿಟ್ಟಿದ್ದರು! ನವೆಂಬರ್‌ನಲ್ಲಿ ದಂಗೆಯೆದ್ದವರು ಮೊದಮೊದಲು ಹಿಡಿದದ್ದು ಅದನ್ನೇ. 1842ರ ಜನವರಿ 6ರಂದು ಸುಮಾರು 4,500 ಸೈನಿಕರು, 12,000 ಪರಿವಾರದವರು ಹಿಮದಲ್ಲಿ ಹೊರಟರು. 13ರಂದು ಡಾಕ್ಟರ್ ಬ್ರೈಡನ್ ಜಲಾಲಾಬಾದ್ ಮುಟ್ಟಿದ. ಪಾಠಪುಸ್ತಕಗಳು ಆತನನ್ನೊಬ್ಬನನ್ನೇ ನೆನೆಯುತ್ತವೆ. ಆ ಸೈನಿಕರಲ್ಲಿ ಬಹುಪಾಲು ಭಾರತೀಯ ಸಿಪಾಯಿಗಳು. ಹಿಮಕ್ಕೆ ಕೈಕಾಲು ಕಳೆದುಕೊಂಡು ಬದುಕುಳಿದವರೂ ಗುಲಾಮರಾಗಿ ಮಾರಾಟವಾದವರೂ ಅವರಲ್ಲಿದ್ದರು.

ಪ್ರಶ್ನೆ: ಇರಾಕಿನಲ್ಲಿ ಹಣಕ್ಕೇನು ಕೊರತೆಯಿತ್ತು?

ಉತ್ತರ: ಕೊರತೆ ಬುದ್ಧಿಗೆ. 2003ರ ಮೇ 23ರಂದು, ಆಕ್ರಮಿತ ಇರಾಕಿನ ಆಡಳಿತಕ್ಕೆ ಅಮೆರಿಕ ಕಳಿಸಿದ್ದ ಪಾಲ್ ಬ್ರೆಮರ್ ಒಂದು ಆದೇಶದಲ್ಲಿ ಇಡೀ ಇರಾಕಿ ಸೇನೆಯನ್ನು ವಿಸರ್ಜಿಸಿದ. ತರಬೇತಿ ಪಡೆದ ಲಕ್ಷಗಟ್ಟಲೆ ಜನ ಸಂಬಳವಿಲ್ಲದೆ ಮನೆಗೆ, ಊರಾಚೆ ಕಾವಲಿಲ್ಲದ ಶಸ್ತ್ರಾಗಾರಗಳು. ಪ್ರತಿಭಟನೆಯಾದ ಮೇಲೆ, ಸುಮಾರು ತಿಂಗಳು ತಡವಾಗಿ, ಭತ್ಯೆ ಘೋಷಿಸಿದರು. ಅಷ್ಟರಲ್ಲಿ ಹಲವರು ಬೇರೆ ಯಜಮಾನನನ್ನು ಹುಡುಕಿಕೊಂಡಿದ್ದರು.

ಪ್ರಶ್ನೆ: ಶ್ರೀಲಂಕಾಕ್ಕೆ ಹೋದ ನಮ್ಮ ಶಾಂತಿಪಾಲನಾ ಪಡೆಯದೂ ಇದೇ ಕಥೆಯೇ?

ಉತ್ತರ: ಅಲ್ಲ, ಅಲ್ಲಿ ತಪ್ಪಿದ್ದು ಸಹಿ. 1987ರ ಜುಲೈ 29ರ ಒಪ್ಪಂದಕ್ಕೆ ರಾಜೀವ್ ಗಾಂಧಿ, ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಸಹಿ ಹಾಕಿದರು. 72 ಗಂಟೆಗಳಲ್ಲಿ ಆಯುಧ ಒಪ್ಪಿಸಬೇಕಿದ್ದ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಸಹಿ ಹಾಕಲಿಲ್ಲ. ಕಾವಲಿಗೆಂದು ಹೋದ ಪಡೆ ಅಕ್ಟೋಬರ್‌ನಲ್ಲಿ ಕಾದಾಟಕ್ಕಿಳಿಯಿತು. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರುಗಳು ಇಳಿಯುವಾಗ ಎದುರಾಳಿಗಳು ಕಾದು ಕುಳಿತಿದ್ದರು. ಗುಂಡಿನ ಮಳೆಗೆ ಮುಂದಿನ ಸುತ್ತುಗಳು ನಿಂತವು. ಮೊದಲೇ ಇಳಿದಿದ್ದ 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿಯಲ್ಲಿ 29 ಮಂದಿ ಅಲ್ಲೇ ಮಡಿದರು, ಒಬ್ಬ ಸೆರೆಸಿಕ್ಕ.

ಕರೆದ ಮನೆಯೂ ಬದಲಾಯಿತು. 1989ರಲ್ಲಿ ಅಧ್ಯಕ್ಷರಾಗಿ ಬಂದ ಪ್ರೇಮದಾಸ ‘ಹೊರಡಿ’ ಎಂದರು, ಸಾಲದ್ದಕ್ಕೆ ಅದೇ ಎಲ್‌ಟಿಟಿಇಗೆ ಆಯುಧ ಕೊಟ್ಟರು. ಸುಮಾರು 1,200 ಯೋಧರನ್ನು ಕಳೆದುಕೊಂಡು, 1990ರ ಮಾರ್ಚ್ 24ರಂದು ಕೊನೆಯ ತುಕಡಿ ಹಡಗು ಹತ್ತಿತು.