4 ಅಕ್ಷರಕ್ಕೆ 25 ಬೈಟ್

ಪ್ರಶ್ನೆ: ಸಿ ಭಾಷೆಯಲ್ಲಿ 20 ಬೈಟ್‌ನ ಕ್ಯಾರ್ ಅರೇ (ಬೈಟ್‌ಗಳ ಸಾಲು) ಇಟ್ಟು, ಪದ ನಕಲಿಸುವ ಸ್ಟ್ರ್‌ಎನ್‌ಕಾಪಿಗೆ 20 ಅಂತಲೇ ಮಿತಿ ಕೊಟ್ಟು ‘ಬೆಂಗಳೂರು’ ತುಂಬಿಸಿದೆ. ಪ್ರಿಂಟ್ ಮಾಡಿದರೆ ಹೆಸರಿನ ಬಾಲಕ್ಕೆ ಏನೇನೋ ಕಸ ಅಂಟಿಕೊಂಡು ಬರುತ್ತದೆ. ಮಿತಿ ಕೊಟ್ಟ ಮೇಲೂ ಹೀಗೇಕೆ?
– ಬಿಸಿಎ ವಿದ್ಯಾರ್ಥಿನಿ, ತುಮಕೂರು

ಉತ್ತರ: ಕಣ್ಣಿಗೆ ಕಾಣುವುದು 4 ಅಕ್ಷರ. ಆದರೆ ಯುನಿಕೋಡ್ ಗುಣಿತದ ಚಿಹ್ನೆ, ಸೊನ್ನೆಗಳನ್ನೆಲ್ಲ ಬೇರೆಬೇರೆಯಾಗಿ ಎಣಿಸುತ್ತದೆ. ಹಾಗಾಗಿ ಒಟ್ಟು 8 ಸಂಕೇತ. ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅಂದರೆ 24. ಪದ ಮುಗಿಯಿತೆಂದು ಹೇಳುವ ಕೊನೆಯ ನಲ್ (ಸೊನ್ನೆ ಬೈಟ್) ಸೇರಿದರೆ 25.

ಜಾಗ ಸಾಲದಿದ್ದಾಗ ಸ್ಟ್ರ್‌ಎನ್‌ಕಾಪಿ 20 ಬೈಟ್ ತುಂಬಿ ಸುಮ್ಮನಾಗುತ್ತದೆ, ನಲ್ ಹಾಕುವುದಿಲ್ಲ. ಪ್ರಿಂಟ್‌ಎಫ್ ಮಾತ್ರ ನಲ್ ಸಿಗುವವರೆಗೆ ಪಕ್ಕದ ಮೆಮೊರಿಯನ್ನೂ ಓದುತ್ತಾ ಹೋಗುತ್ತದೆ. ಹಳೆಯ ಯುನಿಕ್ಸ್ ಆಪರೇಟಿಂಗ್ ಸಿಸ್ಟಂನ ಡೈರೆಕ್ಟರಿಯಲ್ಲಿ ಫೈಲ್ ಹೆಸರಿಗೆ ಇದ್ದದ್ದು 14 ಬೈಟ್. ಹೆಸರು ಚಿಕ್ಕದಾದರೆ ಉಳಿದದ್ದು ಸೊನ್ನೆ, ಭರ್ತಿಯಾದರೆ ನಲ್ ಬೇಕಿಲ್ಲ. ಸ್ಟ್ರ್‌ಎನ್‌ಕಾಪಿ ಹೊಂದುವುದು ಅಂಥ ಕಡೆಗೆ. ಅದನ್ನು ‘ಸುರಕ್ಷಿತ ಸ್ಟ್ರ್‌ಕಾಪಿ’ ಎಂದು ಕಲಿಸುವುದು ದಯವಿಟ್ಟು ನಿಲ್ಲಬೇಕು.

ಬದಲಿಗೆ ಎಸ್‌ಎನ್‌ಪ್ರಿಂಟ್‌ಎಫ್ ಬಳಸಿ: ಮೊದಲು ಅರೇ, ಆಮೇಲೆ ಅದರ ಅಳತೆ ಹೇಳುವ ಸೈಜ್‌ಆಫ್, ಮೂರನೆಯದು ‘ಇಲ್ಲಿ ಪದ ಬರಲಿ’ ಎನ್ನುವ ಫಾರ್ಮ್ಯಾಟ್ ಪರ್ಸೆಂಟ್-ಎಸ್, ಕೊನೆಗೆ ಹೆಸರು. ಪರ್ಸೆಂಟ್-ಎಸ್ ಬಿಟ್ಟು ಹೆಸರನ್ನೇ ಫಾರ್ಮ್ಯಾಟ್ ಜಾಗದಲ್ಲಿ ಕೊಡಬೇಡಿ. ಹೆಸರಿನೊಳಗೆ ಪರ್ಸೆಂಟ್ ಚಿಹ್ನೆ ಬಂದರೆ ಅನಾಹುತ. ಇದು ನಲ್ ಹಾಕಿಯೇ ಹಾಕುತ್ತದೆ, ಜೊತೆಗೆ ಪೂರ್ತಿ ಬರೆಯಲು ನಲ್ ಬಿಟ್ಟು ಎಷ್ಟು ಬೈಟ್ ಬೇಕಿತ್ತೆಂದು ಹಿಂತಿರುಗಿಸುತ್ತದೆ. ಇಲ್ಲಿ ಬರುವುದು 24. ಅದು 20 ಅಥವಾ ಹೆಚ್ಚಿದ್ದರೆ ಹೆಸರು ತುಂಡಾಗಿದೆ ಎಂದೇ ಅರ್ಥ. ನಲ್‌ಗೆ ಒಂದು ಹೋಗಿ ಉಳಿದ 19 ಬೈಟ್‌ನಲ್ಲಿ 6 ಸಂಕೇತಕ್ಕೆ 18 ಹೋಗಿ, ‘ರ’ದ ಒಂದೇ ಬೈಟ್ ಒಂಟಿಯಾಗಿ ನಿಲ್ಲುತ್ತದೆ, ತೆರೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯ ಚೌಕವೋ ವಜ್ರವೋ ಕಾಣುತ್ತದೆ. ತುಂಡು ಮಾಡುವ ಬದಲು 24+1 ಬೈಟ್ ಮ್ಯಾಲಾಕ್ ಮಾಡಿ (ಮೆಮೊರಿ ಕೇಳಿ ಪಡೆದು), ಅದು ನಲ್ ಪಾಯಿಂಟರ್ (ಜಾಗ ಸಿಗಲಿಲ್ಲವೆಂಬ ಖಾಲಿ ವಿಳಾಸ) ಕೊಟ್ಟಿಲ್ಲವೆಂದು ನೋಡಿಕೊಂಡು ಮುಂದುವರಿಯಿರಿ.

ಪ್ರಶ್ನೆ: ಅದೇ ಕೋಡನ್ನು ಫಂಕ್ಷನ್‌ಗೆ ಸಾಗಿಸಿದರೆ ಸೈಜ್‌ಆಫ್ 8 ಎನ್ನುತ್ತದಲ್ಲ?
– ಓದುಗ, ಹಾಸನ

ಉತ್ತರ: ಫಂಕ್ಷನ್‌ಗೆ ಹೋಗುವುದು ಅರೇ ಅಲ್ಲ, ಅದರ ಮೊದಲ ಬೈಟ್‌ನ ವಿಳಾಸ. ಪ್ಯಾರಾಮೀಟರಿನಲ್ಲಿ ಚೌಕ ಆವರಣ ಹಾಕಿ 20 ಎಂದು ಬರೆದರೂ ಅದು ಪಾಯಿಂಟರೇ, ಅಂದರೆ ವಿಳಾಸವೇ. 64-ಬಿಟ್ ಯಂತ್ರದಲ್ಲಿ ಅದರ ಅಳತೆ 8. ಅಳತೆಯನ್ನು ಸೈಜ್-ಟಿ ಮಾದರಿಯ ಇನ್ನೊಂದು ಪ್ಯಾರಾಮೀಟರಾಗಿ ಕಳಿಸಿ. ಪಾಯಿಂಟರ್ ಹೋದಲ್ಲೆಲ್ಲ ಅಳತೆಯೂ ಹೋಗಬೇಕು. ಜಿಸಿಸಿ ಕಂಪೈಲರಿನಲ್ಲಿ ‘ವಾಲ್’ ಎಚ್ಚರಿಕೆಗಳ ಜೊತೆ ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಮತ್ತು ಸಾಲಿನ ಮಾಹಿತಿ ಉಳಿಸುವ ‘ಮೈನಸ್ ಜಿ’ ಹಾಕಿ ಕಂಪೈಲ್ ಮಾಡಿದರೆ, ಮೊದಲ ಪ್ರಶ್ನೆಯ ತಪ್ಪು ಕೂಡ ಓಡಿಸಿದಾಗ ಸಾಲಿನ ಸಂಖ್ಯೆ ಸಮೇತ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಉದ್ಧರಣ ಚಿಹ್ನೆಯೊಳಗಿನ ಪದಕ್ಕೆ ಪಾಯಿಂಟರ್ ಇಟ್ಟು ಮೊದಲ ಬೈಟ್ ಬದಲಿಸಿದರೆ ಪ್ರೋಗ್ರಾಂ ಬಿದ್ದುಹೋಗುತ್ತದೆ.
– ಓದುಗ, ಧಾರವಾಡ

ಉತ್ತರ: ಅಂಥ ಪದ ಸಾಮಾನ್ಯವಾಗಿ ಓದಲು ಮಾತ್ರ ಬಿಟ್ಟ ಮೆಮೊರಿಯಲ್ಲಿರುತ್ತದೆ. ಬದಲಿಸಬೇಕಿದ್ದರೆ ಅರೇ ಮಾಡಿಕೊಳ್ಳಿ. ಬೇಡದಿದ್ದರೆ ಪಾಯಿಂಟರಿನ ಕ್ಯಾರ್ ಮುಂದೆ ‘ಬದಲಿಸಬೇಡ’ ಎನ್ನುವ ಕಾನ್ಸ್ಟ್ ಸೇರಿಸಿ, ಕಂಪೈಲರೇ ತಡೆಯುತ್ತದೆ.